ಹಾಡಿನ ನಡುವೆ ನಿಂತ ಮಗ್ಗ

"ಇನ್ನ ನಿನ್ನ ಡಿಗ್ರಿ ಆಗದ ಮಾತು" ಎಂದವಳು ನನ್ನ ಅತ್ತಿ, ಅಪ್ಪನ ತಂಗಿ. ಅಪ್ಪನನ್ನು ಮಣ್ಣು ಮಾಡಿ ಬಂದ ವಾರದಲ್ಲೇ, ಇಳಕಲ್ಲಿನ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ಹೇಳಿದಳು. "ಅಣ್ಣ ಇದ್ದಾಗಿನ ಮಾತು ಬ್ಯಾರೆ. ನೀ ಬಾಗಲಕೋಟಿಗೆ ಹೋಗಿ ಕುಂತ್ರ ಈ ಮನಿ ನಡಸೋರು ಯಾರು?" ತಾಯಿಯಿಲ್ಲದ ನನ್ನನ್ನು ಬೆಳೆಸಿದಾಕಿ ಅವಳೇ. ಪುಸ್ತಕದ ಚೀಲವನ್ನು ಅಟ್ಟಕ್ಕೆ ಎತ್ತಿಟ್ಟೆ.

ನಮ್ಮ ಮನೆಯಲ್ಲಿ ನನಗಿಂತ ಮುಂಚೆ ಹತ್ತನೇ ಇಯತ್ತೆ ದಾಟಿದವರಿಲ್ಲ. ಅಪ್ಪ ಸೀರೆ ನೇಯುತ್ತಿದ್ದ. ಅತ್ತಿ ಅವನ ಬೆನ್ನ ಹಿಂದೆ ಕೂತು ಲಾಳಿಗೆ ಹಾಕುವ ಪುಟ್ಟ ಕೊಳವೆಗೆ, ಕಂಡಿಕೆಗೆ, ನೂಲು ಸುತ್ತುತ್ತಿದ್ದಳು. ಲಾಳಿಯೊಳಗಿನ ನೂಲು ಮುಗಿದರೆ ಅಪ್ಪ ಬಾಯಿ ಬಿಡುತ್ತಿರಲಿಲ್ಲ, ತಿರುಗಿ ನೋಡುತ್ತಲೂ ಇರಲಿಲ್ಲ. ಮಗ್ಗ ನಿಲ್ಲುತ್ತಿತ್ತು, ಅವನ ಕೈ ಹಿಂದಕ್ಕೆ ಬರುತ್ತಿತ್ತು, ಅತ್ತಿ ತುಂಬಿದ ಕಂಡಿಕೆಯನ್ನು ಅದರಲ್ಲಿ ಇಡುತ್ತಿದ್ದಳು. ಮತ್ತೆ ಖಟ್ ಪಟ್.

ಬಾಗಲಕೋಟೆಯಲ್ಲಿ ವಿದ್ಯಾಗಿರಿಯ ಹಾಸ್ಟೆಲಿಗೆ ಸೇರಿದಾಗ ಆ ಸಪ್ಪಳವಿಲ್ಲದೆ ನನಗೆ ನಿದ್ದೆ ಹತ್ತಲಿಲ್ಲ. ಊರಿಗೆ ಹೋದಾಗ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಬಂದೆ. ನಮ್ಮ ಕ್ಲಾಸಿನ ಹುಡುಗನೊಬ್ಬ ಹಳೇ ರಾಕ್ ಹಾಡುಗಳ ಹುಚ್ಚ, ಗೆಳೆಯರ ಜೊತೆ ಬ್ಯಾಂಡ್ ಕಟ್ಟಿದ್ದ. ಅದನ್ನು ಕೇಳಿ ತನ್ನ ಡ್ರಮ್ಮಿನವನಿಗೆ "ನೀ ಮನಿಗೆ ಹೋಗಲೇ" ಎಂದ. ಮಗ್ಗದ ಸಪ್ಪಳದ ಮೇಲೆಯೇ ನಿಧಾನಕ್ಕೆ ಗಿಟಾರ್ ಬಾರಿಸಿ ಒಂದು ಪ್ರೇಮದ ಹಾಡು ಮಾಡಿದ. ಮಗ್ಗ ನಿಲ್ಲುವಲ್ಲಿ ಗಿಟಾರೂ ನಿಲ್ಲುತ್ತದೆ, ದನಿಯೂ ನಿಲ್ಲುತ್ತದೆ. ಅಪ್ಪನಿಗೆ ಕೇಳಿಸಿದಾಗ ನಕ್ಕಿದ್ದ. "ನನ್ನ ಮಗ್ಗಕ್ಕ ಇಷ್ಟು ಛಲೋ ಅಳಾಕ ಬರತೈತಿ ಅಂತ ಗೊತ್ತಿರಲಿಲ್ಲವಾ."

ಅಪ್ಪ ಹೋದ ಮೇಲೆ ಹಾಡು ಊರೂರು ತಿರುಗಿತು. ಅವನು ನೇಯ್ದಿಟ್ಟ ಸೀರೆಗಳನ್ನು ಅಂಗಡಿಗಳಿಗೆ ಮುಟ್ಟಿಸಲು ನಾನೂ ತಿರುಗುತ್ತಿದ್ದೆ. ಹುನಗುಂದದ ಬಸ್ ಸ್ಟ್ಯಾಂಡಿನ ಚಹಾದಂಗಡಿಯ ಸ್ಪೀಕರಿನಲ್ಲಿ ಅಪ್ಪ ನೇಯುತ್ತಿದ್ದ. ಬಾದಾಮಿಯ ಹೊಂಡದ ಮೆಟ್ಟಿಲ ಮೇಲೆ ರೀಲ್ ಮಾಡುವವರ ಫೋನಿನಲ್ಲಿ ನೇಯುತ್ತಿದ್ದ, ಎದುರಿನ ಗುಡ್ಡ ಆ ಸಪ್ಪಳವನ್ನು ತಿರುಗಿ ಕೊಡುತ್ತಿತ್ತು. ಆ ನಡುವಿನ ಮೌನದಲ್ಲಿ ಹಾಡುವವನ ಎದೆ ಒಡೆಯಿತು ಅಂತ ಕೇಳಿದವರು ಹೇಳುತ್ತಾರೆ. ಯಾರ ಎದೆಯೂ ಒಡೆದಿರಲಿಲ್ಲ. ನೂಲು ಮುಗಿದಿತ್ತು.

ಒಂದು ಸಂಜೆ ನಮ್ಮ ಬಾಗಿಲ ಮುಂದೆ ನಿಂತ ಆಟೋದಲ್ಲಿ ಅದೇ ಹಾಡು ಹತ್ತಿತು. ಅತ್ತಿ ಬೇರೆ ಮನೆಯವರ ನೂಲು ಸುತ್ತುತ್ತಿದ್ದಳು. ಹಾಡಿನೊಳಗೆ ಮಗ್ಗದ ಸಪ್ಪಳ ನಿಂತಿತು. ಅವಳ ಕೈ ಕಂಡಿಕೆ ಹಿಡಿದು ಅಪ್ಪನ ಮಗ್ಗದ ಕಡೆ ಚಾಚಿತು. ತೆಗೆದುಕೊಳ್ಳುವ ಕೈ ಅಲ್ಲಿರಲಿಲ್ಲ. ಆದರೂ ಆಟೋದಲ್ಲಿ ಮಗ್ಗ ಮತ್ತೆ ಶುರುವಾಯಿತು, ಯಾರೋ ಕಂಡಿಕೆ ಕೊಟ್ಟ ಹಾಗೆ. ಕೊಟ್ಟವಳು ಅವಳೇ, ಅವನಿದ್ದಾಗಿನ ಯಾವುದೋ ಒಂದು ದಿನ.

ಅತ್ತಿ ಕೈಯಲ್ಲಿದ್ದ ಕಂಡಿಕೆಯನ್ನು ಅಪ್ಪನ ಮಗ್ಗದ ಮೇಲಿಟ್ಟಳು. "ನಿಮ್ಮಪ್ಪ ಇನ್ನೂ ಕೆಲಸಾ ಬಿಟ್ಟಿಲ್ಲ ನೋಡು" ಎಂದಳು. "ನಿನ್ನ ಸಾಲಿ ಸಲುವಾಗಿ ನೇಯ್ತಿದ್ದ. ನಡುವ ಬಿಡಸಾಕ ನಾ ಯಾರು? ಬಾಗಲಕೋಟಿ ಬಸ್ ಎಷ್ಟೊತ್ತಿಗೈತಿ?"

"ಮತ್ತ ಮನಿ?"

"ನಾ ಇನ್ನೂ ಸತ್ತಿಲ್ಲಲಾ."

ಹೋದೆ. ತಪ್ಪಿದ ಪರೀಕ್ಷೆಗಳನ್ನು ಮತ್ತೆ ಕಟ್ಟಿದೆ, ಝೆರಾಕ್ಸ್ ಅಂಗಡಿಯಲ್ಲಿ ನಿಂತು ದುಡಿದೆ, ಪಾಸಾದೆ. ಇದನ್ನು ಸಣ್ಣ ದನಿಯಲ್ಲಿ ಹೇಳಲು ನನಗೆ ಬರುವುದಿಲ್ಲ.

ಪದವಿ ಕೊಡುವ ದಿನ ಅತ್ತಿ ಸಭಾಭವನದ ಹೊರಗೇ ಚಪ್ಪಲಿ ಬಿಟ್ಟು ಬಂದು ಕೂತಿದ್ದಳು. ನಾನು ವೇದಿಕೆ ಇಳಿದು ಅವಳ ಹತ್ತಿರ ಬರುವಷ್ಟರಲ್ಲಿ ಕಿರಿಯ ಹುಡುಗರು ಸ್ಪೀಕರಿನಲ್ಲಿ ಆ ಹಾಡು ಹಚ್ಚಿದರು. ನಡುವೆ ಅದು ನಿಂತಿತು. ಅತ್ತಿಯ ಕೈ ತಾನಾಗಿ ಮುಂದೆ ಬಂತು, ಏನೂ ಇಲ್ಲದ ಕೈ. ನಾನು ಅದರಲ್ಲಿ ಸರ್ಟಿಫಿಕೇಟ್ ಇಟ್ಟೆ.

ಮಗ್ಗ ಮತ್ತೆ ಶುರುವಾಯಿತು. ಅತ್ತಿ ಸ್ಪೀಕರಿನ ಕಡೆ ಒಮ್ಮೆ ನೋಡಿ, ನನ್ನ ಕಿವಿಯ ಹತ್ತಿರ ಬಂದಳು.

"ಡಿಗ್ರಿ ಆಗದ ಮಾತು ಅಂದಿದ್ದೆನಲ್ಲ ನಾ, ಅದನ್ನ ನಿಮ್ಮಪ್ಪಗ ಹೇಳಬ್ಯಾಡವಾ."