ಮತ ಕೇಳಲು ಮರೆಯುತ್ತಿದ್ದ ಸುಗಂಧಿಯಕ್ಕ

ಮತ ಕೇಳಲು ಹೋದ ಮನೆಯಲ್ಲಿ ಸುಗಂಧಿಯಕ್ಕನ ಮೊದಲ ಪ್ರಶ್ನೆ ಒಂದೇ: "ಒಳಗೆ ಮಲಗಿದಲ್ಲೇ ಇರುವವರು ಯಾರಾದ್ರೂ ಉಂಟಾ?" ಉಂಟು ಎಂದರೆ ಮುಗಿಯಿತು. ಕೆಂಪು ಬಾವುಟವನ್ನು ಜಗಲಿಗೆ ಒರಗಿಸಿ ಒಳಗೆ ಹೋಗಿಬಿಡುವರು. ನಾವು ಕರಪತ್ರ ಹಿಡಿದು ಅಂಗಳದಲ್ಲಿ ಕಾಯಬೇಕು. ಮಲಗಿದವರ ಬೆನ್ನು ಒರೆಸಿ ಅರ್ಧ ಗಂಟೆಯ ಮೇಲೆ ಹೊರಬಂದು, ಮತದಾರರ ಪಟ್ಟಿಯಲ್ಲಿ ಆ ಹೆಸರಿಗೊಂದು ಸುತ್ತು ಹಾಕಿ ಮುಂದಿನ ಮನೆಗೆ ಹೊರಡುವರು. ಎಷ್ಟೋ ಸಲ ಮತ ಕೇಳುವುದೇ ಮರೆತುಹೋಗಿರುತ್ತಿತ್ತು.

ಬಂಟ್ವಾಳದ ಬೀಡಿ ಕಾರ್ಮಿಕರ ಸಂಘದಲ್ಲಿ ಬೆಳೆದ ಹೆಂಗಸು. ಮಜೂರಿಗಾಗಿ ಧರಣಿ ಕೂತಾಗ ಕಚೇರಿಯವರು "ನಾಳೆ ಬನ್ನಿ" ಎಂದರು. "ನಾಳೆಗೆ ಇಲ್ಲಿಂದಲೇ ಬರ್ತೇವೆ" ಎಂದು ಮೆಟ್ಟಿಲ ಮೇಲೆಯೇ ಮೊರ ಇಟ್ಟುಕೊಂಡು ಬೀಡಿ ಕಟ್ಟಲು ಕೂತರು. ಪಕ್ಕದಲ್ಲಿ ನಾನೂ ಕೂತಿದ್ದೆ.

ಇಂಥವರು ಒಮ್ಮೆಯಾದರೂ ಗೆಲ್ಲಬೇಕೆಂದು ನಾನು ಊಟ ಬಿಟ್ಟು ಓಡಾಡಿದವಳು. ಬೆಳ್ತಂಗಡಿಯಲ್ಲಿ ಚುನಾವಣೆಗೆ ನಿಂತ ಅವರ ಠೇವಣಿಯೂ ಹೋದ ದಿನ ನನಗೆ ತಡೆಯಲಾಗಲಿಲ್ಲ. "ನೀವು ಓಟು ಕೇಳ್ಲಿಕ್ಕೆ ಬಂದದ್ದಾ, ಬೆನ್ನು ಒರಸ್ಲಿಕ್ಕೆ ಬಂದದ್ದಾ? ನಮ್ಮನ್ನೆಲ್ಲ ಮುಳುಗಿಸಿದ್ರಿ!" ಎಂದು ಎಲ್ಲರೆದುರು ಕೂಗಿ, ಸಂಘ ಬಿಟ್ಟು ಬೆಳುವಾಯಿಯ ಮನೆ ಸೇರಿದೆ. ಸುಗಂಧಿಯಕ್ಕ ತಾವು ಸುತ್ತು ಹಾಕಿದ್ದ ಆ ಪಟ್ಟಿಯನ್ನೇ ಹಿಡಿದು, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಸ್ವಯಂಸೇವಕರ ಕೂಟ ಕಟ್ಟಿದರು. ಕಲ್ಲಡ್ಕದ ಅಂಗಡಿಯವರು ಬಂದರು, ಎದುರು ಪಕ್ಷದವರೂ ಬಂದರು. ನಾನು ಮಾತ್ರ ಆ ಕಡೆ ತಲೆ ಹಾಕಲಿಲ್ಲ.

ಕೆಲವು ವರ್ಷಗಳ ಮೇಲೆ ನನ್ನ ಅಮ್ಮನಿಗೆ ಪಾರ್ಶ್ವವಾಯು ಬಡಿಯಿತು. ಕರೆಯದೆಯೇ ಸುಗಂಧಿಯಕ್ಕ ಬಂದರು. "ನೀರು ಬಿಸಿಗಿಡು ಮಾರಾಯ್ತಿ" ಎಂದರು, ಅಷ್ಟೆ. ಪ್ರತಿ ಗುರುವಾರ ಬಂದು ಅಮ್ಮನ ಮಗ್ಗುಲು ಬದಲಿಸಿ, ಮೈ ಒರೆಸಿ, ತುಳುವಿನಲ್ಲಿ ಊರ ಸುದ್ದಿ ಹೇಳಿ ನಗಿಸಿ ಹೋಗುತ್ತಿದ್ದರು. ಹಳೆಯ ಜಗಳದ ಮಾತೆತ್ತಲಿಲ್ಲ. ಎತ್ತಿದ್ದರೆ ಕ್ಷಮೆ ಕೇಳಲು ನನಗೊಂದು ದಾರಿಯಾಗುತ್ತಿತ್ತು. ಇವತ್ತು ಕೇಳುತ್ತೇನೆ ಎಂದು ಪ್ರತಿ ವಾರ ಅಂದುಕೊಂಡೆ. ಪ್ರತಿ ವಾರ ಬಿಸಿನೀರು ತಂದಿಟ್ಟು ಅಡುಗೆಮನೆಗೆ ಹೋಗಿಬಿಟ್ಟೆ.

ಅಮ್ಮ ತೀರಿಹೋದ ಮೇಲೆ ಗುರುವಾರಗಳೂ ನಿಂತವು. ಕಳೆದ ಚೌತಿಗೆ ಮುಂಚೆ ಮೂಡುಬಿದಿರೆಯ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದರು. ಧೈರ್ಯ ಮಾಡಿದೆ. "ಅಕ್ಕ, ಆ ದಿನ ನಾನು ಹಾಗೆ ಹೇಳ್ಬಾರ್ದಿತ್ತು..." ಅಷ್ಟರಲ್ಲಿ ಬಂಟ್ವಾಳದ ಬಸ್ಸು ಹೊರಟಿತು. "ಹೀಗೆ ನಿಂತುಕೊಂಡು ಎಂಥ ಮಾತು! ಒಂದು ದಿನ ಮನೆಗೆ ಬಾ, ಕೂತು ಮಾತಾಡುವ" ಎಂದು ಹತ್ತಿಬಿಟ್ಟರು.

ಹಬ್ಬ ಮುಗಿಯಲಿ ಎಂದು ತಡಮಾಡಿದೆ. ನಾನು ಹೋದಾಗ ಅಂಗಳದ ತುಂಬ ಜನ. ಬೆಳಿಗ್ಗೆ ಎದೆನೋವೆಂದು ಕೂತವರು ಏಳಲೇ ಇಲ್ಲವಂತೆ. ಅವರ ಕಾಲ ಬುಡದಲ್ಲಿ ಕೂತು "ತಪ್ಪು ನನ್ನದು ಅಕ್ಕ" ಎಂದೆ. ಕ್ಷಮಿಸುವುದೂ ಬೇಕಿರಲಿಲ್ಲ. ಅವರು ನನ್ನನ್ನು ಒಂದು ಸಲ ಬಾಯ್ತುಂಬ ಬೈದಿದ್ದರೆ ಸಾಕಿತ್ತು.