ಮಹದೇವಪ್ರಸಾದರು ತೊಳೆದ ರಾಕೆಟ್ ನಾಜಲ್

ಪನಮರಂ ಪೇಟೆಯಲ್ಲಿ ಮಹದೇವಪ್ರಸಾದರ ಪಾತ್ರೆ ಅಂಗಡಿ ಎಲ್ಲಿ ಎಂದರೆ ಯಾರಾದರೂ ತೋರಿಸುತ್ತಾರೆ, ತೋರಿಸಿ ನಗುತ್ತಾರೆ. ಮುಂದಿನ ಅರ್ಧದಲ್ಲಿ ಹಿತ್ತಾಳೆ ಬಿಂದಿಗೆ, ಸ್ಟೀಲ್ ಡಬರಿ. ಹಿಂದಿನ ಅರ್ಧದಲ್ಲಿ ರಾಕೆಟ್. ಪೂರ್ತಿ ರಾಕೆಟ್ ಅಲ್ಲ ಬಿಡಿ: ಉಡಾವಣೆ ಕೇಂದ್ರದ ಹಳೆಯ ಮೀಟರು, ಸ್ವಿಚ್ಚು, ಉಡಾವಣೆಯ ದಿನದ ಮೊಹರು ಬಿದ್ದ ಅಂಚೆ ಲಕೋಟೆ, ಯಾವನೋ ತಂತ್ರಜ್ಞನ ಹೆಲ್ಮೆಟ್ಟು. ಗುಜರಿ ಹರಾಜಿನಲ್ಲಿ ಹಿಡಿದು, ಆಸೆಪಟ್ಟವರಿಗೆ ಮಾರುತ್ತಾರೆ. ಅವರ ತಂದೆ ಗುಂಡ್ಲುಪೇಟೆ ಕಡೆಯಿಂದ ಪಾತ್ರೆ ಹೊತ್ತು, ಗಡಿ ದಾಟಿ ಈ ಮಲಯಾಳದ ಊರಿಗೆ ಬಂದವರು. ಮಗನಿಗೆ ಈ ಹುಚ್ಚು ಎಲ್ಲಿಂದ ಅಂಟಿತೋ. ನಾನು ವೀಣಾ, ಪಕ್ಕದ ಜೆರಾಕ್ಸ್ ಅಂಗಡಿಯವಳು. ಅವರ ಸಾಮಾನಿನ ಫೋಟೊ ತೆಗೆದು ನೆಟ್‌ಗೆ ಹಾಕುವ ಕೆಲಸ ನನ್ನದು. ನಗುವವರಲ್ಲಿ ನಾನೂ ಒಬ್ಬಳಾಗಿದ್ದೆ.

ಒಂದನ್ನು ಮಾತ್ರ ಅವರು ಯಾರಿಗೂ ಕೊಟ್ಟಿರಲಿಲ್ಲ. ಸಣ್ಣ ರಾಕೆಟ್ಟೊಂದರ ನಾಜಲ್, ಎಂದರೆ ಬೆಂಕಿ ಹೊರಬೀಳುವ ಹಿಂಬದಿಯ ಕೊಳವೆ. ಹಾರಿ, ಸಮುದ್ರಕ್ಕೆ ಬಿದ್ದು, ಮೀನಿನ ಬಲೆಗೆ ಸಿಕ್ಕಿ, ಕೋಝಿಕ್ಕೋಡಿನ ಗುಜರಿಯಲ್ಲಿ ಇವರ ಕೈಗೆ ಬಂದದ್ದು. ಒಳಗೆಲ್ಲ ಸುಟ್ಟ ಕರಿ, ಹೊರಗೆ ಕಚ್ಚಿಕೊಂಡ ಸಮುದ್ರದ ಚಿಪ್ಪು. ಅದು ಮ್ಯೂಸಿಯಂ ಸೇರಬೇಕು, ಕೆಳಗಿನ ಚೀಟಿಯಲ್ಲಿ ತಮ್ಮ ಹೆಸರಿರಬೇಕು, ಆ ಚೀಟಿಯನ್ನು ಹೆಂಡತಿ ಲತಾಮಣಿಗೆ ತೋರಿಸಬೇಕು ಎಂಬುದು ಅವರ ಆಸೆ. ಆಕೆ ಇಪ್ಪತ್ತು ವರ್ಷದಿಂದ ಅದನ್ನು ತುಕ್ಕು ಎಂದೇ ಕರೆಯುತ್ತಿದ್ದರು.

ಕಳೆದ ವರ್ಷ ಆ ಕಾಲ ಕೂಡಿಬಂತು. ರಾಕೆಟ್ ಕೆಲಸದಿಂದ ನಿವೃತ್ತರಾದ ಭಾಸ್ಕರನ್ ಎಂಬವರು ಸಣ್ಣ ಮ್ಯೂಸಿಯಂ ಕಟ್ಟುತ್ತಿದ್ದರು. ನೆಟ್‌ನಲ್ಲಿ ನಾಜಲಿನ ಫೋಟೊ ನೋಡಿ ಫೋನ್ ಮಾಡಿದರು: ವಿಜಯದಶಮಿಯಂದು ಬರುತ್ತೇನೆ, ನಿಜಕ್ಕೂ ಹಾರಿ ಬಂದದ್ದಾದರೆ ಮಧ್ಯದ ಗಾಜಿನ ಪೆಟ್ಟಿಗೆ ಅದಕ್ಕೇ.

ಅದರ ಹಿಂದಿನ ದಿನ ಆಯುಧಪೂಜೆ. ಪಾತ್ರೆ ಅಂಗಡಿಯವರಿಗೆ ಅದಕ್ಕಿಂತ ದೊಡ್ಡ ಹಬ್ಬವಿಲ್ಲ. ಅಂಗಡಿಯ ಒಂದು ಚಮಚದ ಮೇಲೂ ಅಂದು ಕರಿ ಉಳಿಯಕೂಡದು. ಅಪ್ಪ ಕಲಿಸಿದ ಪಾಠ. ಮಹದೇವಪ್ರಸಾದರು ಎಲ್ಲ ಮುಗಿಸಿ ಕೊನೆಗೆ ನಾಜಲ್ ಎತ್ತಿಕೊಂಡರು. ಹುಣಸೆಹಣ್ಣು, ಬೂದಿ, ತೆಂಗಿನ ನಾರು. ಚಿಪ್ಪನ್ನು ಚಾಕುವಿನಿಂದ ಎಬ್ಬಿಸಿದರು. ಮೂರು ಗಂಟೆ ಉಜ್ಜಿ, ವಿಭೂತಿ ಬಳಿದು, ಹೂ ಇಟ್ಟು ನನ್ನನ್ನು ಕರೆದರು. ಮದುಮಗಳ ಹಾಗಿದೆ ಎಂದೆ. ಓದಿದವಳು ನಾನು, ಬಾಯಿಗೆ ಬೇರೆ ಮಾತು ಬರಲಿಲ್ಲ ನೋಡಿ.

ಮರುದಿನ ಭಾಸ್ಕರನ್ ಬಂದು ಟಾರ್ಚ್ ಹಾಕಿ ಒಳಗೆ ನೋಡಿದರು. ಬೆರಳಾಡಿಸಿ ಬೆರಳನ್ನೇ ನೋಡಿಕೊಂಡರು. ಇದರ ಕರಿ ಎಲ್ಲಿ ಎಂದು ಮಲಯಾಳದಲ್ಲಿ ಕೇಳಿದರು. ಹಾರಿದ್ದಕ್ಕೆ ಸಾಕ್ಷಿ ಆ ಕರಿಯೇ. ಹೀಗೆ ಹೊಳೆಯುವುದನ್ನು ಹಾರದೆ ಉಳಿದ ಬಿಡಿಭಾಗ ಎಂದು ಯಾರು ಬೇಕಾದರೂ ಹೇಳಬಹುದು ಎಂದರು. ಮಹದೇವಪ್ರಸಾದರು ಹಳೆಯ ಫೋಟೊ ಇದೆಯಲ್ಲ ಎಂದು ನನ್ನ ಕಡೆ ತಿರುಗಿದರು. ನೆಟ್‌ಗೆ ಹಾಕುವಾಗ ಚೆಂದ ಕಾಣಲೆಂದು ಕರಿ, ಚಿಪ್ಪು ಎಲ್ಲವನ್ನೂ ನಾನು ಫೋನಿನಲ್ಲೇ ಅಳಿಸಿ, ಮೊದಲಿನ ಫೋಟೊವನ್ನು ತೆಗೆದುಹಾಕಿದ್ದೆ. ಅದನ್ನು ಹೇಳುವಾಗ ನೆಲ ಬಾಯಿ ಬಿಡಬಾರದೇ ಎನ್ನಿಸಿತು.

ಭಾಸ್ಕರನ್ ಒಳ್ಳೆಯವರು. ಹಾರದ ಬಿಡಿಭಾಗ ಎಂದು ಬರೆದು ಸಹಿ ಹಾಕಿಕೊಡಿ, ಮೂಲೆಯಲ್ಲಾದರೂ ಇಡುತ್ತೇನೆ, ಚೀಟಿಯಲ್ಲಿ ನಿಮ್ಮ ಹೆಸರೂ ಇರುತ್ತದೆ ಎಂದರು. ಲತಾಮಣಿ ತಾವೇ ಪೆನ್ನು ತಂದುಕೊಟ್ಟರು. ಹಾಕಿಬಿಡಿ ಎಂದು ನಾನೂ ಗೋಗರೆದೆ. ಮಹದೇವಪ್ರಸಾದರು ಪೆನ್ನಿನ ಮುಚ್ಚಳ ತೆಗೆದರು, ಮತ್ತೆ ಹಾಕಿ ಕೆಳಗಿಟ್ಟರು. ಭಾಸ್ಕರನ್ ಕಾಗದ ಮಡಚಿಕೊಂಡು ಹೊರಟರು.

ಮಹದೇವಪ್ರಸಾದರು ಅತ್ತದ್ದನ್ನು ನಾನು ಅಂದೇ ನೋಡಿದ್ದು. ಲತಾಮಣಿಗೆ ಸಿಟ್ಟು ತಡೆಯಲಿಲ್ಲ. "ಇಪ್ಪತ್ ವರ್ಸ ಹೆಸ್ರು ಹೆಸ್ರು ಅಂತಿದ್ರಿ. ಒಂದ್ ಸಯಿನ್ ಹಾಕಕ್ಕೆ ಏನಾಗಿತ್ತು ನಿಮ್ಗೆ?"

ಅವರು ಹೆಗಲ ಮೇಲಿನ ಟವಲಿನಲ್ಲಿ ಮುಖ ಒರೆಸಿಕೊಂಡರು.

"ಅದು ಮ್ಯಾಲಕ್ಕೆ ಹೋಗ್ ಬಂದದೆ ಕಣಮ್ಮಿ. ಹೋಗೇ ಇಲ್ಲ ಅಂತ ಬರ್ದು, ಅದ್ರ ಕೆಳಗೆ ನನ್ ಹೆಸ್ರು ಹಾಕುಸ್ಲಾ?"