ಅರ್ಧಕ್ಕೆ ನಿಂತ ‘ಸಾಧ್ಯವಿ’

ಬೆಳಗಿನ ಐದೂವರೆ. ಮಠದ ಹಿಂದಿನ ಕೋಣೆಯ ಬೀಗ ತೆಗೆದು, ಊರವರು ‘ಕಿವಿ ಬ್ರದರ್’ ಎಂದೇ ಕರೆಯುವ ಸನ್ಯಾಸಿ ಒಳಗೆ ಬರುತ್ತಾರೆ. ದಿನಾ ಆದರೆ ಮೊದಲು ಮೇಜಿನ ದೀಪ, ಆಮೇಲೆ ಭೂತಗನ್ನಡಿ, ಆಮೇಲೆ ಸಾಸಿವೆ ಕಾಳಿನಷ್ಟು ಸ್ಕ್ರೂಗಳ ತಟ್ಟೆ. ಇವತ್ತು ನಿಲುವಂಗಿಯ ತೋಳು ಮಡಚುವಷ್ಟೂ ತಾಳ್ಮೆಯಿಲ್ಲದೆ ನೇರ ಕಂಪ್ಯೂಟರಿನ ಮುಂದೆ ಕೂರುತ್ತಾರೆ. ಅದೋ ಮುದಿ ಕಂಪ್ಯೂಟರ್, ಎದ್ದು ಮುಖ ತೊಳೆಯಲಿಕ್ಕೇ ನಾಲ್ಕು ನಿಮಿಷ ಬೇಕು.

“ರಾತ್ರಿಯಿಡೀ ನಿದ್ದೆ ಹತ್ತಲಿಲ್ಲ. ಮಾಡಿದ ಎಡವಟ್ಟು ಅಂಥದ್ದು,” ಎನ್ನುತ್ತಾರೆ.

ಹತ್ತು ಮಂದಿ ಕ್ಯಾಥೊಲಿಕ್ ಸನ್ಯಾಸಿಗಳ ಈ ಮಠದ ಹೊಟ್ಟೆ ತುಂಬುವುದು ಕಿವಿಗೆ ಹಾಕುವ ಮಷಿನ್‌ಗಳ ರಿಪೇರಿಯಿಂದ. ಮೊದಲು ಮೇಣದಬತ್ತಿ ಮಾಡುತ್ತಿದ್ದರು. “ಕರೆಂಟ್ ಹೋಗೋದು ನಿಂತುಹೋಯ್ತು. ಊರಿಗೆಲ್ಲ ಬೆಳಕಾಯ್ತು, ನಮಗೆ ಕತ್ತಲೆ ಬಂತು,” ಎಂದು ನಗುತ್ತಾರೆ. ಸನ್ಯಾಸಕ್ಕೆ ಬರುವ ಮೊದಲು ಸೋದರಮಾವನ ಅಂಗಡಿಯಲ್ಲಿ ರೇಡಿಯೋ ಬಿಚ್ಚಿ ಕಲಿತ ಕೈ ಆಗ ಬ್ರದರ್‌ಗೆ ನೆನಪಾಯಿತು. ಈಗ ದಿನಕ್ಕೆ ಹದಿನೆಂಟು ಮಷಿನ್ ಅಂಚೆಯಲ್ಲಿ ಬರುತ್ತವೆ, ಅಷ್ಟೇ ಹೋಗುತ್ತವೆ. ಮಾತು ಕಡಿಮೆಯಿರುವ ಮನೆಯಾದ್ದರಿಂದ ಮಷಿನಿನ ಸಣ್ಣ ಗೊರಗೊರವೂ ಇಲ್ಲಿ ಕೇಳಿಸುತ್ತದೆ.

ಎಡವಟ್ಟಾಗಿದ್ದು ನಿನ್ನೆ ಸಂಜೆ. ಕಿವಿ ಮಂದವಿರುವ ಮಕ್ಕಳ ಶಾಲೆಯೊಂದು ರಜೆಯಲ್ಲಿ ನಲವತ್ತೆರಡು ಮಷಿನ್ ಕಳಿಸಿತ್ತು. ಸೋಮವಾರ ಶಾಲೆ ಶುರು. ಅಷ್ಟರಲ್ಲಿ ಸಿಗುತ್ತವೋ ಇಲ್ಲವೋ, ಸಿಗದಿದ್ದರೆ ಮಕ್ಕಳಿಗೆ ಬರಬೇಡಿ ಅಂತ ಇವತ್ತೇ ಹೇಳಬೇಕು ಎಂದು ಹೆಡ್ ಮೇಡಂ ಇ-ಮೇಲ್ ಬರೆದು ಕೇಳಿದ್ದರು. ಬ್ರದರ್ ಉತ್ತರ ಬರೆಯುತ್ತಾ, ‘ಎಲ್ಲವನ್ನೂ ಸೋಮವಾರದೊಳಗೆ ಕೊಡಲು ಸಾಧ್ಯವಿ’ ಎನ್ನುವಲ್ಲಿಗೆ ಬಂದಿದ್ದರು. ಪ್ರಾರ್ಥನೆಯ ಗಂಟೆ ಹೊಡೆಯಿತು.

ಗಂಟೆ ಹೊಡೆದರೆ ಬರೆಯುತ್ತಿರುವ ಅಕ್ಷರ ಅರ್ಧವಾಗಿದ್ದರೂ ಕೈ ಎತ್ತಬೇಕು, ಅದು ಮಠದ ನಿಯಮ. ಬ್ರದರ್ ಕೈ ಎತ್ತಿದರು. ಎತ್ತುವ ಭರದಲ್ಲಿ ಕಿರುಬೆರಳು ಕಳಿಸುವ ಗುಂಡಿಗೆ ತಾಗಿ, ಬಾಲವಿಲ್ಲದ ಮಾತು ಹೊರಟೇ ಹೋಯಿತು. ಆ ‘ವಿ’ಗೆ ‘ದೆ’ಯೂ ಅಂಟುತ್ತದೆ, ‘ಲ್ಲ’ವೂ ಅಂಟುತ್ತದೆ.

“ಕೂತು ಸರಿಮಾಡಬಹುದಿತ್ತಲ್ಲ?” ಎಂದು ನಾನು ಕೇಳಿದರೆ ಬ್ರದರ್ ತಲೆಯಾಡಿಸುತ್ತಾರೆ.

“ಗಂಟೆ ಅಂದ್ರೆ ಕರೆಯೋದು. ಕರೆದಾಗ ‘ತಡಿ, ಬಂದೆ’ ಅನ್ನೋಕಾಗುತ್ತಾ? ಮೂವತ್ತೊಂದು ವರ್ಷ ಅಂದಿಲ್ಲ. ಆದರೆ ನಿನ್ನೆ ಬಾಯಲ್ಲಿ ಕೀರ್ತನೆ, ತಲೆಯಲ್ಲಿ ಬರೀ ‘ದೆ, ದೆ, ದೆ’.” ಪ್ರಾರ್ಥನೆ ಮುಗಿದರೆ ಬೆಳಗಿನವರೆಗೆ ಮೌನ, ಕೋಣೆಗೆ ಬೀಗ. ನಲವತ್ತೆರಡು ಮಕ್ಕಳು ತನ್ನ ಕಿರುಬೆರಳಿನ ದೆಸೆಯಿಂದ ಮನೆಯಲ್ಲೇ ಉಳಿದರೆ ಎಂದು ಬೆಳಗಾಗುವುದನ್ನೇ ಕಾದರಂತೆ.

ಕಂಪ್ಯೂಟರ್ ಕೊನೆಗೂ ಕಣ್ಣು ಬಿಡುತ್ತದೆ. ಮೇಡಂ ಉತ್ತರ ಬಂದಿದೆ. ಬ್ರದರ್ ಕನ್ನಡಕ ಒರೆಸಿ ಓದುತ್ತಾರೆ.

‘ಬ್ರದರ್, ಬಾಲ ಎಲ್ಲಿ ಬಿಟ್ರಿ? ‘ದೆ’ ನಾನೇ ಸೇರಿಸಿಕೊಂಡು ಎಲ್ಲ ಮಕ್ಕಳಿಗೂ ಬನ್ನಿ ಅಂದುಬಿಟ್ಟೆ. ಆಗಲ್ಲ ಅನ್ನೋದಿದ್ರೆ ನೀವು ಇಷ್ಟು ದಿನ ಸುಮ್ಮನಿರ್ತಿರಲಿಲ್ಲ. ಒಂಬತ್ತು ವರ್ಷದಿಂದ ನೋಡ್ತಿದ್ದೀನಲ್ಲ.’

ಬ್ರದರ್ ಕುರ್ಚಿಗೆ ಒರಗಿ ಉಸಿರು ಬಿಡುತ್ತಾರೆ. “ಅಬ್ಬಾ, ಬದುಕಿದೆ,” ಎಂದು ಎರಡು ಸಲ ಹೇಳಿ, ಕಣ್ಣನ್ನೂ ಒರೆಸಿಕೊಳ್ಳುತ್ತಾರೆ. ಉಳಿದಿರುವುದು ಮೂರೇ ಮಷಿನ್.

ಹನ್ನೊಂದಕ್ಕೆ ಮೂರೂ ಮುಗಿಯುತ್ತವೆ. ಒಂದೊಂದನ್ನೂ ತಮ್ಮ ಕಿವಿಗಿಟ್ಟು ಕೇಳಿ, ಹತ್ತಿಯಲ್ಲಿ ಸುತ್ತಿ ಡಬ್ಬಕ್ಕೆ ಹಾಕುತ್ತಾರೆ. ಡಬ್ಬ ಕೊರಿಯರ್ ವ್ಯಾನ್ ಹತ್ತುತ್ತದೆ. ಇನ್ನು ನಿಮಗೇನು ಬೇಕು ಎಂದರೆ ಬ್ರದರ್ ಬಾಗಿಲಾಚೆ ಗುಡಿಸುತ್ತಿರುವ ಮುದಿ ಸನ್ಯಾಸಿಯತ್ತ ಕಣ್ಣು ಹಾಯಿಸುತ್ತಾರೆ. ಗಂಟೆ ಹೊಡೆಯುವವರು ಅವರೇ.

“ಏನೂ ಬೇಡ. ಹಗ್ಗ ಎಳೆಯೋ ಮುಂಚೆ ಅಣ್ಣ ಒಂದು ಸಲ ಕೆಮ್ಮಿದರೆ ಸಾಕು,” ಎನ್ನುತ್ತಾರೆ, ಆಚೆಗೂ ಕೇಳಿಸುವಂತೆ. ಮುದಿ ಸನ್ಯಾಸಿ ತಲೆ ಎತ್ತದೆ ಗುಡಿಸುತ್ತಾ ಮುಂದೆ ಹೋಗುತ್ತಾರೆ.

ಹನ್ನೆರಡರ ಪ್ರಾರ್ಥನೆಗೆ ಇನ್ನೊಂದೇ ನಿಮಿಷವಿದೆ. ಬ್ರದರ್ ಮೇಡಂಗೆ ಬರೆಯುತ್ತಿದ್ದಾರೆ: ‘ಡಬ್ಬ ಹೊರಟಿತು. ಮುಂದಿನ ರಜೆಗೂ ಕಳಿಸಿ, ಮಾಡಿಕೊಡಲು ಸಾಧ್ಯವಿ’

ಗಂಟೆಯ ಹಗ್ಗದ ಕಡೆಯಿಂದ ದೊಡ್ಡದೊಂದು ಕೆಮ್ಮು ಕೇಳಿಸುತ್ತದೆ.

ಬ್ರದರ್ ‘ದೆ’ ಹಾಕುತ್ತಾರೆ. ಗಂಟೆ ಹೊಡೆಯುತ್ತದೆ.